ಮುಯ್ಯಾಳು

ಸಾಸ್ವೆಹಳ್ಳಿ ಕಡೆ ಮುಯ್ಯಾಳು ಎಂದರೆ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತೇ ಇಲ್ಲ. ಆ ನಂಬಿಕೆಯ ಮೇಲೆಯೇ ಅರ್ಪಿತಾ ಮತ್ತು ಅವಳ ಅವ್ವ ಕರಿಬಸಮ್ಮ ನಿರ್ಮಲಮ್ಮನ ಹೊಲದಲ್ಲಿ ಮೆಕ್ಕೆಜೋಳದ ತೆನೆ ಮುರಿದು ಕೊಟ್ಟಿದ್ದರು. ಗರಿ ತಾಗಿ ಅರ್ಪಿತಾಳ ಮೊಣಕೈವರೆಗೂ ಗೀರು. ಈಗ ತಾಯಿ-ಮಗಳ ತುಂಡು ಹೊಲದಲ್ಲೂ ತೆನೆ ಬಲಿತು ಒಣಗಿ ನಿಂತಿತ್ತು, ಮೋಡವೂ ಕಟ್ಟಿತ್ತು. ನೆನೆದರೆ ತೆನೆಗೆ ಬೂಷ್ಟು ಹಿಡಿಯುತ್ತದೆ.

ಬೆಳಿಗ್ಗೆ ಅರ್ಪಿತಾ ಮುಯ್ಯಿಗೆ ಕರೆಯಲು ಹೋದರೆ ನಿರ್ಮಲಮ್ಮ ರೇಷ್ಮೆ ಸೀರೆಯಲ್ಲಿದ್ದಳು. ಹಿಂದಿನ ದಿನವಷ್ಟೇ ಅವಳ ಗಂಡ ಮುರುಗೇಶಪ್ಪ ಹಾಲಿನ ಡೈರಿಯ ಅಧ್ಯಕ್ಷನಾಗಿದ್ದ. ಶಾಲು ಹೊದಿಸಿ, ಪೇಟ ಸುತ್ತಿ ಕಳಿಸಿದ್ದರು. ಹಾರ ಇನ್ನೂ ಬಾಗಿಲಲ್ಲಿ ತೂಗುತ್ತಿತ್ತು.

"ಅಧ್ಯಕ್ಷರ ಹೆಂಡ್ತಿ ನಿಮ್ಮ ಹೊಲದಾಗೆ ತೆನೆ ಮುರಿಯಾಕೆ ಬಂದ್ರೆ ಜನ ಏನಂತಾರೆ? ತಗಾ, ನಿಮ್ಮಿಬ್ಬರ ಕೂಲಿ," ಎಂದು ನೋಟು ಚಾಚಿದಳು.

ಕೂಲಿಯಂತೆ! ಸುಗ್ಗಿಯಲ್ಲಿ ನೋಟು ಹಿಡಿದು ಊರೆಲ್ಲ ತಿರುಗಿದರೂ ಆಳು ಸಿಗುವುದಿಲ್ಲ. ಅದು ನಿರ್ಮಲಮ್ಮನಿಗೂ ಗೊತ್ತು. ದೊಡ್ಡವರೆದುರು ತಲೆ ಎತ್ತದ ಅರ್ಪಿತಾಳಿಗೆ ಮೈಯೆಲ್ಲ ಉರಿಯಿತು.

"ನಾವು ಕೂಲಿಗೆ ಬಂದಿರ್ಲಿಲ್ಲ ಅಕ್ಕಾರೆ. ಮುಯ್ಯಿಗೆ ಬಂದಿದ್ವಿ."

"ಎರಡೂ ಒಂದೇ ಬಿಡೇ. ಬೀಜ, ಗೊಬ್ಬರ ಅಂತ ಬಂಡವಾಳ ಹಾಕಿದೋರು ನಾವು. ನೀವೇನು ಹಾಕಿದ್ರಿ?"

"ಮೈ ಹಾಕಿದ್ವಿ!" ದನಿ ಬೀದಿಯವರೆಗೂ ಹೋಯಿತು. "ಶಾಲು ಹೊದಿಸಿದ್ದು ನಿಮ್ಮ ಯಜಮಾನ್ರಿಗೆ. ನಿಮ್ಮ ಕೈಗೇನಾಗೈತೆ?"

ಬೀದಿ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಕೆಂಪಕ್ಕ ಕೊಡ ಇಳಿಸಿದಳು. "ನಿರ್ಮಲಮ್ಮಾರೆ, ನಿಮ್ಮ ಕೆರೆಹಿಂದಿನ ಹೊಲಕ್ಕೆ ನಾಡಿದ್ದು ನಾವು ಮುಯ್ಯಿ ಬರ್ತೀವಿ ಅಂದಿದ್ವಲ್ಲ? ಆ ನೋಟು ಜೋಪಾನ ಮಾಡ್ರಿ. ಆಳು ಹುಡುಕಾಕೆ ಬೇಕಾಗ್ತಾವೆ."

ನಲ್ಲಿಯ ಹೆಂಗಸರು ಗೊಳ್ಳೆಂದರು. ನಿರ್ಮಲಮ್ಮ ದಡಾರನೆ ಬಾಗಿಲು ಹಾಕಿಕೊಂಡಳು.

ಕೊಡ ಮನೆಗೆ ಮುಟ್ಟಿಸಿ ಕೆಂಪಕ್ಕ, ನಲ್ಲಿಯಲ್ಲಿ ಜೊತೆಗಿದ್ದ ಮೂಕಮ್ಮ, ಅವರ ಹಿಂದೆ ಇನ್ನಷ್ಟು ಹೆಂಗಸರು ಸೀದಾ ಅರ್ಪಿತಾಳ ಹೊಲಕ್ಕೆ ಬಂದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲದ ತೆನೆ ಮುರಿದಾಗಿತ್ತು. ಆಗ ನಿರ್ಮಲಮ್ಮ ಬಂದಳು. ಮೈಮೇಲೆ ಹಳೇ ಸೀರೆ. ಬದುವಿನ ಮೇಲೆಯೇ ನಿಂತು, "ಕರಿಬಸಮ್ಮ, ನಮ್ಮ ಕೆರೆಹಿಂದಿನ ಹೊಲದ ಮಾತು..." ಎಂದು ರಾಗ ಎಳೆದಳು.

ಅರ್ಪಿತಾ ಖಾಲಿ ಚೀಲವೊಂದನ್ನು ತಂದು ಆಕೆಯ ಕಾಲ ಬಳಿ ಒಗೆದು, ಮುರಿಯದೆ ಉಳಿದ ಸಾಲಿನತ್ತ ಕೈ ತೋರಿದಳು.

"ಹಂಗೆಲ್ಲ ಮಾಡಬಾರದು ಕಣೇ," ಎಂದು ಕರಿಬಸಮ್ಮ ಪಿಸುಗುಟ್ಟಿದಳು.

ನಿರ್ಮಲಮ್ಮ ಬಗ್ಗಿ ಚೀಲ ಎತ್ತಿಕೊಳ್ಳುವವರೆಗೂ ಅರ್ಪಿತಾ ಕೈ ಇಳಿಸಲಿಲ್ಲ.