ಬೆರಳಿಗೆ ಹತ್ತಿದ ಕರಿ ಪುಡಿ

ಬೆಳಿಗ್ಗೆ ಲಾರಿ ಹೊರಡಿಸುವವರ ಅವಸರ ಎಲ್ಲರಿಗೂ ಗೊತ್ತಿರುವುದೇ. ಟೈರಿಗೆ ಒಂದು ಒದೆ, ಗಾಜಿಗೆ ಒಂದು ಬಟ್ಟೆ, ಚಾವಿ ತಿರುಗಿಸಿದರೆ ಮುಗಿಯಿತು. ಲಾರಿಯ ಕೆಳಗೆ ಬಗ್ಗಿ ನೋಡುವವರು ಎಷ್ಟು ಜನ?

ನಮ್ಮ ಗಡಿಯಾರದಣ್ಣನೂ ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಇಟ್ಟಿಗೆ ಲಾರಿ ಓಡಿಸಿ ಒಂದು ದಿನವೂ ತಡಮಾಡಿದವನಲ್ಲ. ಅದಕ್ಕೇ ಆ ಹೆಸರು. ಲಾರಿ ನಿಲ್ಲುವ ಶೆಡ್ಡಿನಲ್ಲೇ ಅವನ ಅಳಿಯ ಮೆಕ್ಯಾನಿಕ್; ಇಬ್ಬರಿಗೂ ಮನೆಯೂ ಒಂದೇ.

ಸೋಮವಾರ ಬೆಳಿಗ್ಗೆ ಅಳಿಯ ಆಯಿಲ್ ಬದಲಾಯಿಸಲು ಮಾವನ ಲಾರಿಯ ಕೆಳಗೆ ನುಸುಳಿದ. ಹೊರಗೆ ಬಂದವನೇ ಬೆರಳು ತೋರಿಸಿದ. ತುದಿಯಲ್ಲಿ ಕಾಡಿಗೆಯಂಥ ಕರಿ ಪುಡಿ.

"ಮಾವ, ಮುಂದಿನ ಬ್ರೇಕಿಗೆ ಗಾಳಿ ಹೋಗೋ ಪೈಪು ಚಾಸಿ ಕಬ್ಬಿಣಕ್ಕೆ ಉಜ್ತಾ ಇದೆ. ಹಿಡಿದಿಡೋ ಕ್ಲಿಪ್ಪೇ ಬಿದ್ದೋಗಿದೆ. ಇದು ರಬ್ಬರ್ ಪುಡಿ. ಒಳಗಿನ ದಾರ ಆಗ್ಲೇ ಕಾಣ್ತಿದೆ."

"ಗಾಳಿ ಸೋರ್ತಿದೆಯೇನ್ರಿ?"

"ಇನ್ನೂ ಇಲ್ಲ."

"ಮತ್ಯಾಕ್ರೀ ಗಾಬರಿ, ಅಳಿಯಂದ್ರೇ? ಸೋರಿದ ದಿನ ನೋಡೋಣ."

"ಅದು ಹೇಳಿ ಕೇಳಿ ಸೋರಲ್ಲ ಮಾವ. ಬ್ರೇಕ್ ಒತ್ತಿದಾಗ್ಲೇ ಆ ಪೈಪಲ್ಲಿ ಒತ್ತಡ ಏರೋದು. ಒಡೆದ್ರೆ ಆವಾಗ್ಲೇ ಒಡೆಯುತ್ತೆ. ಹೊಸದು ತರಿಸ್ತೀನಿ, ಮಧ್ಯಾಹ್ನದವರೆಗೆ ಗಾಡಿ ನಿಲ್ಸಿ."

ಸುತ್ತ ನಾಲ್ಕು ಜನ ಡ್ರೈವರುಗಳು ನಿಂತಿದ್ದರು. ಅವರೆದುರು ಅಳಿಯನಿಂದ ಬುದ್ಧಿ ಹೇಳಿಸಿಕೊಳ್ಳುವುದೇ?

"ನೀವು ಸ್ಪ್ಯಾನರ್ ಹಿಡಿಯೋಕ್ಕೆ ಮುಂಚೆ ಸ್ಟೇರಿಂಗ್ ಹಿಡಿದೋನು ನಾನು. ಮನೇಲಿ ನನ್ನ ಮಗಳೇ ನಿಮಗೆ ಹೆದರಲ್ಲ, ನಾನು ಹೆದರ್ತೀನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅಳಿಯನ ಕಿವಿ ಕೆಂಪಾಯಿತು.

"ಹಾಗಾದ್ರೆ ಮಾಲೀಕರು ನೋಡೋ ರಿಪೇರಿ ಪುಸ್ತಕದಲ್ಲಿ ಬರೀತೀನಿ ಮಾವ."

"ಬರೀಬೇಡಿ. ಸಂಜೆ ನಾನೇ ಬಂದು ಹಾಕಿಸ್ಕೋತೀನಿ. ಮಾತು ಕೊಟ್ಟೆ."

ಹೆಣ್ಣು ಕೊಟ್ಟ ಮಾವ. ಎದುರಾಡುವುದು ಹೇಗೆ? ಅಳಿಯ ಬರೆಯಲಿಲ್ಲ. ಗಡಿಯಾರದಣ್ಣ ಅಂದು ಸಂಜೆ ಪೈಪು ಹಾಕಿಸಲು ಬರಲಿಲ್ಲ, ಮಂಗಳವಾರವೂ ಬರಲಿಲ್ಲ.

ಬುಧವಾರ, ಪೇಟೆಗೆ ಇಳಿಯುವ ಇಳಿಜಾರು. ಹಿಂದೆ ತುಂಬಿದ ಇಟ್ಟಿಗೆ. ಬ್ರೇಕ್ ಒತ್ತಿದ. ಕಾಲಡಿಯಲ್ಲಿ ಫಟ್ ಎಂದಿತು, ಆಮೇಲೆ ಬುಸ್ಸೆಂದು ಗಾಳಿ. ಗಾಳಿ ಒತ್ತಡದ ಮೀಟರಿನ ಮುಳ್ಳು ಕೆಳಗೆ ಬಿತ್ತು. ಹಿಂದಿನ ಚಕ್ರಗಳಷ್ಟೇ ಹಿಡಿದವು; ಇಟ್ಟಿಗೆಯ ಭಾರ ಲಾರಿಯನ್ನು ಮುಂದಕ್ಕೆ ನೂಕಿತು. ಎದುರಿಗೆ ಜನ. ಹಾರ್ನ್ ಒತ್ತುತ್ತಲೇ ಹ್ಯಾಂಡ್‌ಬ್ರೇಕ್ ಎಳೆದು ಪಕ್ಕದ ಗೋಡೆಗೆ ತಿರುಗಿಸಿದ. ಆ ಗೋಡೆಯ ಬುಡದಲ್ಲಿ ಕೀಲಿಕೈ ಮಾಡುವ ಹೆಂಗಸಿನ ಮೇಜಿತ್ತು.

ಅವಳು ಪಕ್ಕಕ್ಕೆ ಹಾರಿ ಬಿದ್ದಳು. ಮೇಜು ಚೂರಾಯಿತು; ಲಾರಿ ಗೋಡೆಗೆ ಗುದ್ದಿ ನಿಂತಿತು. ಗಡಿಯಾರದಣ್ಣ ಇಳಿದು ಓಡಿದಾಗ ಅವಳು ಚೆಲ್ಲಿದ ಕೀಲಿಗಳ ನಡುವೆ, ಮುರಿದ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು.

"ಈ ಕೈಲೇ ಅಲ್ವಾ ಅಣ್ಣ ನಾನು ಅರ ಹಿಡಿದು ಉಜ್ಜೋದು... ಬೆಳಿಗ್ಗೆ ಗಾಡಿ ನೋಡ್ಕೊಂಡೇ ಹೊರಟಿದ್ರಿ ತಾನೇ?"

"ನೋಡಿದ್ದೆನಮ್ಮಾ," ಎಂದುಬಿಟ್ಟ. ಆಮೇಲೆ ಬಗ್ಗಿ ಕೀಲಿಗಳನ್ನು ಆರಿಸತೊಡಗಿದ.

ಲಾರಿಯನ್ನು ಎಳೆಸಿ ಶೆಡ್ಡಿಗೆ ತಂದಾಗ ಮಾಲೀಕ ಒಡೆದ ಪೈಪನ್ನು ಬಿಚ್ಚಿಸಿ ಅಳಿಯನ ಮುಖಕ್ಕೆ ಹಿಡಿದ.

"ಮೊನ್ನೆ ಈ ಗಾಡಿ ಕೆಳಗೆ ಮಲಗಿದ್ದೋನು ನೀನು. ಇಷ್ಟು ಸವೆದದ್ದು ಕಾಣ್ಲಿಲ್ವಾ? ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ!"

ಅಳಿಯ ಒಮ್ಮೆ ಮಾವನ ಕಡೆ ನೋಡಿದ. ಕಾದ. ಆಮೇಲೆ ನೆಲ ನೋಡಿದ.

"ತಪ್ಪಾಯ್ತು ಸಾರ್."

"ನಾಳೆಯಿಂದ ಬರಬೇಡ."

ಗಡಿಯಾರದಣ್ಣ ಅಲ್ಲೇ ನಿಂತಿದ್ದ. ಮೊನ್ನೆ ನಕ್ಕಿದ್ದ ನಾಲ್ವರೂ ಈಗ ಬೇರೆ ಬೇರೆ ದಿಕ್ಕು ನೋಡುತ್ತಿದ್ದರು.

ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಮಗಳು ತಟ್ಟೆ ತಂದಿಟ್ಟು ಕೇಳಿದಳು, "ಅಪ್ಪಾ, ಇವರು ನೋಡದೇ ಬಿಡೋರಲ್ಲ. ಏನಾಯ್ತು ನಿಜವಾಗ್ಲೂ?"

ಅಳಿಯನೇ ತಡೆದ. "ಬಿಡು, ಮಾವನಿಗೆ ಸುಸ್ತಾಗಿದೆ."

ಅವನು ಬೈದಿದ್ದರೆ ಗಡಿಯಾರದಣ್ಣ ತಡೆದುಕೊಳ್ಳುತ್ತಿದ್ದ. ಆ ಮೆತ್ತನೆಯ ಮಾತು ಕಪಾಳಕ್ಕೆ ಬಿದ್ದಂತಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅವರು ಹೇಳಿದ್ರಮ್ಮ. ಬೆರಳು ತೋರಿಸಿ ಹೇಳಿದ್ರು. ಬರೀಬೇಡಿ ಅಂದೋನು ನಾನು. ಆ ಹೆಂಗಸಿಗೂ ಸುಳ್ಳು ಹೇಳ್ದೆ."

ಗಡಿಯಾರದಣ್ಣನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಅಂದಳು, "ಇದನ್ನ ನಮ್ಮನೇಲಿ ಹೇಳಿದ್ರೆ ಸಾಲ್ದಪ್ಪಾ."

ಮರುದಿನ ಬೆಳಿಗ್ಗೆ ಗಡಿಯಾರದಣ್ಣ ಅಳಿಯನನ್ನೂ ಕರೆದುಕೊಂಡು ಹೋಗಿ ಶೆಡ್ಡಿನಲ್ಲಿ ಎಲ್ಲರ ಎದುರಿಗೇ ಹೇಳಿದ. ಒಂದನ್ನೂ ಬಿಡದೆ ಪೂರ್ತಿ ಹೇಳಿದ. ಮಾಲೀಕ ಅವನ ಕೈಯಿಂದ ಚಾವಿ ತೆಗೆದುಕೊಂಡ. "ಮೂರು ತಿಂಗಳು ಸ್ಟೇರಿಂಗ್ ಮುಟ್ಟಬೇಡ. ಅಳಿಯ ವಾಪಸ್ ಕೆಲಸಕ್ಕೆ ಬರ್ಲಿ, ಅವನ ಕೈಕೆಳಗೆ ಕೆಲಸ ಮಾಡು."

ಅಳಿಯನೂ ಅಂದ, "ನಾನೂ ಬರೀಬೇಕಿತ್ತು ಸಾರ್. ಮಾವ ಅಂತ ಸುಮ್ನಾದೆ."

ಅಲ್ಲಿಂದ ಗಡಿಯಾರದಣ್ಣ ಕೀಲಿಕೈ ಹೆಂಗಸಿನ ಮನೆಗೆ ಹೋದ. ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು.

"ಮೂಳೆ ಕೂಡುತ್ತೆ ಅಣ್ಣ. ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ, ಅದು ಕೂಡೋಕ್ಕೆ ಟೈಮ್ ಬೇಕು."

ಅವನು ತಲೆಯೆತ್ತದೆ ಬಂದ.

ಈಗ ಅವನು ದಿನಾ ಬೆಳಿಗ್ಗೆ ಲಾರಿಗಳ ಕೆಳಗೆ ಬಗ್ಗುತ್ತಾನೆ. ಅಳಿಯ ಕಲಿಸಿದ್ದಾನೆ: "ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡ್ಡ ಕೊಟ್ಟು, ಟಾರ್ಚ್ ಹಿಡಿದು ಪೈಪಿನ ಉದ್ದಕ್ಕೂ ನೋಡಿ ಮಾವ. ಕಬ್ಬಿಣಕ್ಕೋ ಇನ್ನೊಂದು ಪೈಪಿಗೋ ತಾಗೋ ಕಡೆ ಹೊಳಪು, ಪುಡಿ ಇದ್ರೆ ಉಜ್ತಿದೆ ಅಂತ. ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ಮತ್ತೆ ನೋಡಿ. ಇನ್ನೊಬ್ಬರಿಗೆ ಬ್ರೇಕ್ ಒತ್ತೋಕ್ಕೆ ಹೇಳಿ, ಬುಸ್ ಅನ್ನೋ ಸದ್ದು ಬರುತ್ತಾ ಕೇಳಿ. ಡೀಸೆಲ್ ಪೈಪು, ಆಯಿಲ್ ಪೈಪು, ವೈರು, ಎಲ್ಲಕ್ಕೂ ಇದೇ ಲೆಕ್ಕ."

"ಟೇಪ್ ಸುತ್ತಿದ್ರೆ ಆಗಲ್ವೇನ್ರಿ?"

"ಗಾಯ ಮುಚ್ಚುತ್ತೆ ಅಷ್ಟೇ, ವಾಸಿ ಆಗಲ್ಲ. ದಾರ ಕಂಡ್ರೆ ಪೈಪೇ ಬದಲಾಯಿಸ್ಬೇಕು."

ಹೊಸ ಡ್ರೈವರ್ ಯಾರಾದರೂ ಅವಸರ ಮಾಡಿದರೆ ಗಡಿಯಾರದಣ್ಣನೇ ಅಡ್ಡ ನಿಲ್ಲುತ್ತಾನೆ. "ತಡ ಆದ್ರೆ ಬೈಗುಳ ತಿನ್ನು. ನನ್ನ ಹೆಸರು ಹೇಳು." ಮನೆಯಲ್ಲಿ ಹೆಂಡತಿಯೂ ಈಗ ಊಟದ ಡಬ್ಬಿ ಕೊಡುವಾಗ, "ಬೇಗ ಹೋಗಿ, ಕೆಳಗೆ ನೋಡೋಕ್ಕೆ ಟೈಮ್ ಇರ್ಲಿ," ಎನ್ನುತ್ತಾಳೆ.

ಲಾರಿ, ಬಸ್ಸು, ಟ್ರಾಕ್ಟರ್ ಓಡಿಸುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಾಳೆ ಹೊರಡುವ ಮುಂಚೆ ಒಮ್ಮೆ ಬಗ್ಗಿ. ಕ್ಲಿಪ್ ಸಡಿಲವಿದ್ದರೆ ಬಿಗಿ ಮಾಡಿಸಿ. ಪೈಪಿನ ದಾರ ಕಂಡರೆ ಗಾಡಿ ತೆಗೆಯಬೇಡಿ. ಮೆಕ್ಯಾನಿಕ್ಕುಗಳೇ, ಎದುರಿಗಿರುವವರು ಯಾರೇ ಆಗಲಿ, ಕಂಡದ್ದನ್ನು ಬರೆಯಿರಿ. ಮಾಲೀಕರೇ, ಆ ಹತ್ತು ನಿಮಿಷಕ್ಕೆ ಬೈಯಬೇಡಿ. ಇಳಿಜಾರಿನ ಕೆಳಗೆ ತಮ್ಮ ಪಾಡಿಗೆ ಕೆಲಸ ಮಾಡುತ್ತಾ ಕೂತವರಿಗೆ ನಿಮ್ಮ ಗಾಡಿಯ ಪೈಪು ಕಾಣುವುದಿಲ್ಲ. ಅವರ ಪರವಾಗಿ ನೋಡಬೇಕಾದವರು ನೀವೇ.