ಬಗ್ಗದ ಮಂಡಿ

"ಇದೇನೇ, ನಿದ್ದೆ ಹೊಡೆಯೋಳ ಥರ ಮಲಗಿದ್ದೀಯ? ಸರಿಯಾಗಿ ಸಾಯೇ! ಕೈ ಅಗಲಿಸು. ಬಾಯಿ ತೆಗಿ. ರೈಲಿಗೆ ಸಿಕ್ಕಿದೋಳು ಹೀಗಾ ಮಲಗೋದು?"

ನಾನು ಟಾರು ರಸ್ತೆಯ ಮೇಲೆ ಅಂಗಾತ ಬಿದ್ದುಕೊಂಡು ಬಾಯಿ ತೆರೆದೆ. ಸೀಟಿ ಸಾಹೇಬರು ಬೂಟಿನ ತುದಿಯಿಂದ ನನ್ನ ಮೊಣಕೈಯನ್ನು ಆಚೆ ತಳ್ಳಿ ತಮಗೆ ಬೇಕಾದ ಹಾಗೆ ಜೋಡಿಸಿದರು. ಅವರು ರೈಲಿನ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುವುದರಿಂದ ಬೆನ್ನ ಹಿಂದೆ ನಾವೆಲ್ಲ ಹಾಗೇ ಕರೆಯುವುದು.

"ತಲೆಗೆ ಇನ್ನಷ್ಟು ಸುರಿಯೋ. ಬಣ್ಣಕ್ಕೇನು ಬರಗಾಲನಾ?" ಎಂದರು. ಅವರ ಆಳು ಡಬ್ಬಿಯಲ್ಲಿದ್ದ ಕೆಂಪು ಬಣ್ಣವನ್ನು ನನ್ನ ಕೂದಲಿಗೆ ಸುರಿದ. ಅದು ಕಿವಿಯೊಳಗೆ ಇಳಿಯಿತು.

ಅವತ್ತು ಸುರಕ್ಷತಾ ಸಪ್ತಾಹದ ಮೊದಲ ದಿನ. ನಾನು ಕಾಯುವ ರೈಲ್ವೆ ಗೇಟಿನ ಪಕ್ಕದಲ್ಲೇ ಶಾಮಿಯಾನ ಎದ್ದಿತ್ತು. ಅಲ್ಲಿ ಒಂದು ಪುಟ್ಟ ನಾಟಕ, ಬೆಳಿಗ್ಗೆ ಅದರ ತಾಲೀಮು. ಒಬ್ಬ ಕೂಲಿ ಹೆಂಗಸು ಹಾಕಿದ ಗೇಟಿನ ಕೆಳಗೆ ಬಗ್ಗಿ ನುಸುಳಿ ರೈಲಿಗೆ ಸಿಕ್ಕಿ ಸಾಯುತ್ತಾಳೆ, ಸಾಹೇಬರು ಸೀಟಿ ಊದಿ ಜನಕ್ಕೆ ಬುದ್ಧಿ ಹೇಳುತ್ತಾರೆ. ಆ ಕೂಲಿ ಹೆಂಗಸು ನನ್ನ ತಂಗಿ. ಆರು ತಿಂಗಳ ಹಿಂದೆ ಇದೇ ಗೇಟಿನಲ್ಲಿ ಸತ್ತವಳು. ಪಾತ್ರ ಮಾಡಲು ನನ್ನನ್ನೇ ಆರಿಸಿದ್ದರು.

"ಮುಖ ಹಾಗೇ ಇದೆ. ನೋಡೋರಿಗೆ ನಾಟಬೇಕಲ್ಲ," ಎಂದಿದ್ದರು ಸಾಹೇಬರು.

ಮಿಲ್ಲಿನ ಹೆಂಗಸರನ್ನು ಕುರ್ಚಿ ಜೋಡಿಸಲು, ಕಸ ಗುಡಿಸಲು ಬೆಳಿಗ್ಗೆಯೇ ಕಳಿಸಿದ್ದರು. ಅವರಲ್ಲಿ ನಮ್ಮವ್ವನೂ ಇದ್ದಳು. ನಾನು ಬಿದ್ದಿದ್ದನ್ನು ನೋಡಿ ಪೊರಕೆ ಹಿಡಿದು ಹತ್ತಿರ ಬಂದಳು.

"ಸ್ವಾಮಿ, ನನ್ನ ಮಗಳು ಬಗ್ಗಿ ಹೋದೋಳಲ್ಲ. ಮಿಲ್ಲಲ್ಲಿ ಮೂಟೆ ಬಿದ್ದು ಅವಳ ಎಡಗಾಲು ಮಂಡಿ ಬಗ್ತಾನೇ ಇರಲಿಲ್ಲ. ಕಕ್ಕಸಿಗೆ ಕೂರೋಕೂ ನಾನೇ ಹಿಡ್ಕೋಬೇಕಾಗಿತ್ತು."

"ಏಯ್ ಮುದುಕಿ, ಬೆಳಿಗ್ಗೆ ಬೆಳಿಗ್ಗೆ ಕಕ್ಕಸಿನ ಪುರಾಣ ತೆಗೀಬೇಡ. ಗೇಟ್ ಹಾಕಿತ್ತು, ಬಗ್ಗಿದಳು, ಸತ್ತಳು. ನಿನ್ನ ದೊಡ್ಡ ಮಗಳೇ ರುಜು ಹಾಕಿದ್ದಾಳೆ, ಕೇಳ್ಕೋ."

ಅವ್ವ ನನ್ನ ಕಡೆ ತಿರುಗಿದಳು. ಆರು ತಿಂಗಳಿಂದ ಅವಳು ಕೇಳುವುದು ಒಂದೇ ಮಾತು.

"ಗೇಟ್ ಹಾಕಿತ್ತಾ, ಮಗಾ?"

"ಹಾಕಿತ್ತು ಅವ್ವ," ಅಂದೆ. ಹೆಣ ಮಾತಾಡಿತೆಂದು ಬಣ್ಣದವನು ಕಿಸಕ್ಕನೆ ನಕ್ಕ.

ಹಾಕಿರಲಿಲ್ಲ.

ನಮ್ಮದು ಹಳೇ ಗೇಟು. ಸ್ಟೇಷನ್ನಿನಿಂದ ಫೋನು ಬಂದರೆ ಹಿಡಿಕೆ ತಿರುಗಿಸಿ ಎರಡೂ ಕಡೆಯ ಅಡ್ಡಕಂಬ ಇಳಿಸಬೇಕು. ಬೀಗ ಜಡಿದು, ಗೇಟು ಭದ್ರವಾಗಿದೆ ಅನ್ನುವುದಕ್ಕೆ ಗುರುತಾಗಿ ನನ್ನ ಹಾಳೆಯಲ್ಲಿರುವ ಒಂದು ನಂಬರನ್ನು ಫೋನಿನಲ್ಲಿ ಹೇಳಬೇಕು. ಅದನ್ನು ಕೇಳಿದ ಮೇಲೇ ಸ್ಟೇಷನ್ ಮಾಸ್ಟರು ರೈಲು ಬಿಡುವುದು. ನಂಬರ್ ಕೊಟ್ಟ ಮೇಲೆ ರೈಲು ದಾಟುವ ತನಕ ಬೀಗ ತೆಗೆಯಕೂಡದು. ತೆಗೆದರೆ ಹಿಡಿಯುವವರು ಯಾರೂ ಇಲ್ಲ, ಸಿಗ್ನಲ್ಲಿಗೂ ಗೊತ್ತಾಗುವುದಿಲ್ಲ. ಇಡೀ ರೈಲು ಓಡುವುದು ನನ್ನ ಬಾಯಿಮಾತಿನ ಮೇಲೆ.

ಆ ಬಾಯಿಗೆ ಸಿಗುವ ಮರ್ಯಾದೆಯೋ! ಹೆಂಡತಿ ಮಕ್ಕಳನ್ನು ಹೇರಿಕೊಂಡೇ ಬೈಕನ್ನು ವಾಲಿಸಿ ಕಂಬದಡಿ ನುಸುಳುತ್ತಾರೆ. ತಡೆದರೆ, "ರಸ್ತೆ ನಿಮ್ಮಪ್ಪಂದಾ?" ಎಂದು ನನ್ನ ಗೂಡಿನ ಗೋಡೆಗೆ ಉಗಿಯುತ್ತಾರೆ. ಕಾಯುವುದಕ್ಕೆ ಬೇಜಾರಾದವರು ಅದೇ ಗೋಡೆಗೆ ಉಚ್ಚೆ ಹೊಯ್ಯುತ್ತಾರೆ. ಅದನ್ನು ತೊಳೆದ ಕೈಯಲ್ಲೇ ನಾನು ಇವರ ಜೀವ ಕಾಯಬೇಕು.

ತಂಗಿ ಸತ್ತ ದಿನ ನಂಬರ್ ಕೊಟ್ಟಾಗಿತ್ತು. ಮಿಲ್ಲಿನ ಯಜಮಾನರ ಕಾರು ಬಂತು. ಡ್ರೈವರ್ ಇಳಿದು, "ತೆಗಿಯೇ ಬೋಳಿ," ಎಂದ. ಆಗಲ್ಲ ಅಂದೆ. ಯಜಮಾನರು ಕೂತಲ್ಲಿಂದಲೇ ಯಾರಿಗೋ ಫೋನು ಮಾಡಿದರು. ಮರುಗಳಿಗೆ ನನ್ನ ಗೂಡಿನ ಫೋನು ಬಡಿದುಕೊಂಡಿತು. ಸ್ಟೇಷನ್ ಮಾಸ್ಟರು.

"ಇನ್ನೂ ನಾಲ್ಕು ನಿಮಿಷ ಇದೆ. ಕಾರು ಬಿಟ್ಟು ಹಾಕ್ಬಿಡು. ಕೆಲಸ ಬೇಕೋ ಬೇಡ್ವೋ?"

ಗುತ್ತಿಗೆ ಕೆಲಸ. ಬೇಕಾಗಿತ್ತು. ಬೀಗ ತೆಗೆದೆ.

ಕಾರು ಹೋಯಿತು. ಅದರ ಬೆನ್ನಿಗೇ ಪಾಳಿಗೆ ಹೊರಟಿದ್ದ ಹೆಂಗಸರು ನುಗ್ಗಿದರು. ನಾಲ್ಕು ನಿಮಿಷವೂ ಸುಳ್ಳು, ರೈಲು ಆಗಲೇ ತಿರುವಿನಲ್ಲಿ ಕೂಗಿತು. ಉಳಿದವರು ಓಡಿ ದಾಟಿಕೊಂಡರು. ಬಗ್ಗದ ಮಂಡಿಯವಳು ಓಡಲಾರದೆ ಹಿಂದೆ ಬಿದ್ದಳು. ನಾನು ಗಂಟಲು ಹರಿಯುವಂತೆ ಕೂಗಿದೆ. ಅಕ್ಕ ಕರೆಯುತ್ತಿದ್ದಾಳೆ ಅಂದುಕೊಂಡು ಅವಳು ಹಳಿಯ ಮೇಲೆ ನಿಂತು ತಿರುಗಿ ನೋಡಿದಳು.

ಸಂಜೆ ಸೀಟಿ ಸಾಹೇಬರು ಬರೆದುಕೊಂಡೇ ಬಂದಿದ್ದ ಹಾಳೆಗೆ ರುಜು ಹಾಕಿದೆ. ಹಾಕದಿದ್ದರೆ ಜೈಲು ಅಂದರು. ಹೆದರಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಸಪ್ತಾಹದ ಕಾರ್ಯಕ್ರಮ ಹನ್ನೊಂದಕ್ಕೆ. ಕುರ್ಚಿಯಲ್ಲಿ ಆಫೀಸಿನವರು, ನೆಲದ ಮೇಲೆ ಮಿಲ್ಲಿನ ಹೆಂಗಸರು. ಮುಖ್ಯ ಅತಿಥಿ ಯಾರು ಅಂತೀರಿ? ಅದೇ ಮಿಲ್ಲಿನ ಯಜಮಾನರು. ಮಿಲ್ಲು ಹಳಿಯ ಆಚೆ, ಶಾಮಿಯಾನ ಈಚೆ. ಅವರು ಹೊರಟರು ಅನ್ನುವ ಸುದ್ದಿ ಬರುವುದಕ್ಕೂ ಸ್ಟೇಷನ್ನಿನ ಫೋನು ಬರುವುದಕ್ಕೂ ಸರಿಹೋಯಿತು. ಗೇಟು ಹಾಕಿದೆ, ಬೀಗ ಜಡಿದೆ, ನಂಬರ್ ಹೇಳಿದೆ. ಬೀಗದ ಕೈ ಮುಷ್ಟಿಯಲ್ಲಿತ್ತು. ಕಾರು ಬಂದು ಆಚೆ ಕಂಬಕ್ಕೆ ಮೂತಿ ತಾಗಿಸಿ ಹಾರನ್ ಹೊಡೆಯಿತು.

ಸೀಟಿ ಸಾಹೇಬರು ಹೂಗುಚ್ಛ ಹಿಡಿದು ಓಡಿ ಬಂದರು. "ತೆಗಿಯೇ!"

"ನಂಬರ್ ಕೊಟ್ಟಾಯ್ತು ಸಾರ್."

"ಬಂದಿರೋದು ಯಾರು ಅಂತ ಕಣ್ಣು ಕಾಣಲ್ವಾ?"

"ಕಾಣ್ತದೆ ಸಾರ್. ಅವತ್ತೂ ಕಂಡಿತ್ತು."

ಗೂಡಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ಗೊತ್ತಿತ್ತು. ಎತ್ತಲಿಲ್ಲ. ತಲೆಯ ಮೇಲೆ ಬಣ್ಣ ಒಣಗಿ ನವೆಯಾಗುತ್ತಿತ್ತು.

ಯಜಮಾನರು ಇಳಿದರು. "ಇದೇನು ಮಹಾ, ಹೀಗೇ ಬರ್ತೀನಿ ಬಿಡ್ರಿ!" ಎಂದು ನಗುತ್ತಾ ಹೊಟ್ಟೆ ಒಳಗೆಳೆದುಕೊಂಡು ಕಂಬದಡಿ ಬಗ್ಗಿದರು. ಅವರೊಬ್ಬರೇ ಬರುವುದು ಹೇಗೆ ಚೆನ್ನಾಗಿರುತ್ತದೆ? ಸ್ವಾಗತಕ್ಕೆಂದು ಸೀಟಿ ಸಾಹೇಬರೂ ಈಚೆ ಕಂಬದಡಿ ಬಗ್ಗಿ ಒಳಗೆ ಹೋದರು. ಇಬ್ಬರೂ ಹಳಿಯ ನಡುವೆ ಸೇರಿದಾಗ ರೈಲು ಕೂಗಿತು. ನಗು ಹಾರಿಹೋಯಿತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಿದ್ದಂಬೀಳ ಓಡಿ, ನನ್ನ ಕಾಲ ಬುಡದಲ್ಲೇ ಕಂಬದಡಿ ತೆವಳಿ ಹೊರಬಂದರು. ಹೂಗುಚ್ಛದ ಮೇಲೆ ರೈಲು ಹರಿಯಿತು.

ಕುರ್ಚಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರೈಲು ಹೋಯಿತು. ನಾನು ಗೇಟು ತೆಗೆಯಲಿಲ್ಲ. ಸಾಹೇಬರು ಮಂಡಿಯ ದೂಳು ಕೊಡವಿಕೊಂಡು, "ನಡಿಯೇ, ನಿನ್ನ ನಾಟಕ. ಬಗ್ಗು," ಎಂದು ಏದುಸಿರು ಬಿಟ್ಟರು.

ನಾನು ಸೀದಾ ಮೈಕಿನ ಹತ್ತಿರ ಹೋದೆ.

"ಬಗ್ಗೋದು ಹೇಗೆ ಅಂತ ಈಗ ದೊಡ್ಡೋರೇ ತೋರಿಸಿದ್ರು. ನಾನು ಬಗ್ಗಲ್ಲ. ಅವ್ವಾ, ಅವತ್ತು ಗೇಟ್ ಹಾಕಿರಲಿಲ್ಲ. ತೆಗೆದೋಳು ನಾನು. ಕಾರು ಬಿಡೋಕೆ ತೆಗೆಸಿದೋರು ಈ ಯಜಮಾನ್ರು. ನಿನ್ನ ಮಗಳು ಬಗ್ಗಲಿಲ್ಲ. ನಾನು ಕರೆದೆ ಅಂತ ನಿಂತ್ಕೊಂಡ್ಲು."

ಯಾರೋ ಮೈಕು ಕಿತ್ತರು. ಅಷ್ಟರಲ್ಲಿ ಹೇಳಿ ಮುಗಿದಿತ್ತು.

ಅವ್ವ ಎದ್ದು ಬಂದಳು. ಬಂದವಳೇ ನನ್ನ ಕೆನ್ನೆಗೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಅವಳ ಅಂಗೈಗೆ ನನ್ನ ಬಣ್ಣ ಮೆತ್ತಿಕೊಂಡಿತು. ಆಮೇಲೆ ಅದೇ ಕೈ ಚಾಚಿದಳು.

"ಬೀಗದ ಕೈ ಕೊಡು."

ಕೊಟ್ಟೆ. ಅವಳು ಅದನ್ನು ಕುಪ್ಪಸದೊಳಗೆ ಸೇರಿಸಿ, ಪೊರಕೆ ಹಿಡಿದುಕೊಂಡು ಹೋಗಿ ಈಚೆ ಕಂಬದ ಮುಂದೆ ರಸ್ತೆಯ ಮೇಲೆ ಕೂತಳು. ಎರಡೂ ಕಡೆ ವಾಹನಗಳು ಬೊಬ್ಬೆ ಹೊಡೆಯುತ್ತಿದ್ದವು.

"ಏಳೇ ಮುದುಕಿ! ಪೊಲೀಸ್ ಕರೆಸ್ತೀನಿ," ಎಂದರು ಸಾಹೇಬರು.

"ಕರೆಸು. ನನ್ನ ಮಗಳು ಬಗ್ಗಿದ್ಲು ಅಂತ ಬರೆದ ಹಾಳೆನೂ ತರಿಸು. ಇವಳ ಕೈಯಲ್ಲೇ ಹರಿಸಿ, ನಿಜ ಬರೆಸು. ಆಮೇಲೆ ಏಳ್ತೀನಿ."

ಮಿಲ್ಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವಳ ಕಡೆ ನಡೆದರು. ನಾನೂ ಹೋದೆ. ನನಗೆ ಜಾಗ ಬಿಡಲಿಲ್ಲ ಅವ್ವ. ನಿಂತೇ ಇದ್ದೆ.

ಅಷ್ಟರಲ್ಲಿ ಒಬ್ಬ ಬೈಕಿನವನು ಸಂದಿ ಹುಡುಕಿಕೊಂಡು ಬಂದು, ಅವಳ ಪಕ್ಕದಲ್ಲೇ ಕಂಬದಡಿ ಬೈಕು ವಾಲಿಸಿದ. ಅವ್ವ ಕೂತಲ್ಲಿಂದಲೇ ಪೊರಕೆ ಎತ್ತಿದಳು.

"ಹಿಂದಕ್ಕೆ ಹೋಗೋ ಬೋಳಿಮಗನೆ. ಗೇಟ್ ಹಾಕಿದೆ."