ಹಿಂದೆ ಎಲ್ಲಾದರೂ ಆಗಿದೆಯೇ?

ಕೇಂದ್ರ ಸರ್ಕಾರದ ನೌಕರಿ ಚಂದ್ರಕಾಂತರಿಗೆ ಕಲಿಸಿದ್ದು ಒಂದೇ ಪ್ರಶ್ನೆ: ಹಿಂದೆ ಎಲ್ಲಾದರೂ ಹೀಗೆ ಆಗಿದೆಯೇ? ಕುರ್ಚಿ ಕೊಳ್ಳಲಿ, ಕಾಯಿದೆ ಬದಲಿಸಲಿ, ಫೈಲಿನಲ್ಲಿ ಮೊದಲು ಇದನ್ನೇ ಕೇಳಬೇಕು. ಆಗಿದ್ದರೆ ಸಹಿ, ಇಲ್ಲದಿದ್ದರೆ ಫೈಲಿಗೆ ಬಂದ ದಾರಿಗೆ ಸುಂಕವಿಲ್ಲ. ಈ ಪ್ರಶ್ನೆಯನ್ನು ಹಿಡಿದುಕೊಂಡೇ ಅವರು ದೆಹಲಿಯಲ್ಲಿ ಗುಮಾಸ್ತಿಕೆಯಿಂದ ಅಂಡರ್ ಸೆಕ್ರೆಟರಿ ಕುರ್ಚಿಗೆ ಏರಿದರು, ಕೈ ಶುದ್ಧವಿರುವ ಮನುಷ್ಯ ಎಂಬ ಹೆಸರನ್ನೂ ಪಡೆದರು. ಆ ಹೆಸರಿನ ಮೇಲಿದ್ದಷ್ಟು ಮಮತೆ ಮಗಳ ಮೇಲಿರಲಿಲ್ಲ ಎಂದರೆ ಸಿಟ್ಟಿನ ಮಾತಾದೀತು, ಸುಳ್ಳಾಗಲಾರದು.

ಮಗಳು ಹರಿಣಿ ಗುರುಗ್ರಾಮದ ಒಳ್ಳೆಯ ಕೆಲಸ ಬಿಟ್ಟು, ಲಕ್ಷ್ಮೀ ನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ಅಂಗೈಯಗಲದ ಒಂದು ಡಬ್ಬಿ ಮಾಡಿದ್ದಳು. ಇ-ರಿಕ್ಷಾದ ಬ್ಯಾಟರಿಗೆ ಕಟ್ಟಿದರೆ, ಚಾರ್ಜಿಗಿಟ್ಟ ಬ್ಯಾಟರಿ ಹೊತ್ತಿಕೊಳ್ಳುವ ಮೊದಲೇ ಅದು ಕೂಗಿ ಎಚ್ಚರಿಸುತ್ತಿತ್ತು. ಕೆಳಗಿನ ಗಲ್ಲಿಯಲ್ಲೇ ಹಾಗೆ ಹೊತ್ತಿ ಒಬ್ಬ ರಿಕ್ಷಾದವನ ಮನೆ ಬೂದಿಯಾಗಿತ್ತು. ಅಂದಿನಿಂದ ಅವಳಿಗೆ ಊಟ ನಿದ್ದೆಯಲ್ಲೂ ಅದೇ ಧ್ಯಾನ.

ಅದೇ ಹೊತ್ತಿಗೆ ಹೊಸ ಯೋಜನೆ ಬಂತು. ದೇಶದ ಹೊಸ ಆವಿಷ್ಕಾರಗಳನ್ನು ಸರ್ಕಾರವೇ ಮೊದಲು ಕೊಂಡು ದೇಶದ ಸಂಪತ್ತನ್ನು ಬೆಳೆಸಬೇಕಂತೆ. ಇದರಲ್ಲಿ ಆರ್ಡರ್ ಸಿಕ್ಕರೆ ಹರಿಣಿಯ ಕಂಪನಿ ಉಳಿಯುತ್ತಿತ್ತು, ಇಲ್ಲವಾದರೆ ಬಾಗಿಲು ಮುಚ್ಚಬೇಕು. ಷರತ್ತು ಬರೆಯುವ ಕೆಲಸ ಬಂದದ್ದು ಅವಳಪ್ಪನ ಮೇಜಿಗೇ.

ಯೋಜನೆ ಹೊಸದು, ಹಿಂದಿನ ಮಾದರಿಯಿಲ್ಲ. ಮಾದರಿಯಿಲ್ಲದೆ ಒಂದಕ್ಷರ ಬರೆಯುವುದು ಚಂದ್ರಕಾಂತರ ಜಾಯಮಾನವಲ್ಲ. ಏರ್ ಕೂಲರ್ ಕೊಂಡಾಗಿನ ಹಳೇ ಟೆಂಡರ್ ಹೊರತೆಗೆದು, 'ಕೂಲರ್' ಇದ್ದಲ್ಲೆಲ್ಲ 'ಆವಿಷ್ಕಾರ' ಎಂದು ಹಾಕಿದರು. ಉಳಿದದ್ದು ಹಾಗೇ ಉಳಿಯಿತು. ಅರ್ಜಿದಾರರು ಮೂರು ವರ್ಷ ಸರ್ಕಾರಕ್ಕೆ ಸಾಮಾನು ಪೂರೈಸಿರಬೇಕು. ತಮ್ಮ ಸಾಮಾನಿನದೊಂದು ಮಾದರಿಯನ್ನು ಕಚೇರಿಯಲ್ಲಿ ಬಿಟ್ಟುಹೋಗಬೇಕು. ಉಳಿದ ಅರ್ಜಿದಾರರು ಅದನ್ನು ಬಿಚ್ಚಿ ನೋಡಬಹುದು. ಕೂಲರಿನಲ್ಲಿ ಗುಟ್ಟೇನಿದೆ, ನೋಡಲಿ ಬಿಡಿ!

"ಪಪ್ಪಾ, ಯೇ ಕ್ಯಾ ಹೈ?" ಷರತ್ತುಗಳನ್ನು ಓದಿದ್ದ ಹರಿಣಿ ಊಟದ ತಟ್ಟೆ ಸರಿಸಿ ಕೇಳಿದಳು. "ಹೊಸದು ಬೇಕು ಅಂತೀರ, ಮೂರು ವರ್ಷದ ಅನುಭವಾನೂ ಬೇಕು ಅಂತೀರ. ಆ ಲೈನ್ ತೆಗೀರಿ ಪ್ಲೀಸ್. ನಂಗೊಬ್ಬಳಿಗಲ್ಲ, ಎಲ್ರಿಗೂ."

"ಮಗಳು ಅರ್ಜಿ ಹಾಕ್ತಾಳೆ ಅಂತ ಷರತ್ತು ತೆಗೆದ್ರೆ ಆಫೀಸಲ್ಲಿ ಏನಂತಾರೆ?"

"ಅಚ್ಛಾ, ನಾನು ಅರ್ಜಿ ಹಾಕದೇ ಇದ್ರೆ ತೆಗೀತಿದ್ರಾ?"

ಚಂದ್ರಕಾಂತರು ಸಾರು ಬಡಿಸಿಕೊಂಡರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಅವರಿಗೂ ಗೊತ್ತಿತ್ತು. ಫೈಲಿನಲ್ಲಿ ಗಾದೆ ಬರೆದ ಉದಾಹರಣೆ ಹಿಂದೆಲ್ಲೂ ಇರಲಿಲ್ಲ.

ಆದರೂ ಹರಿಣಿ ಆಸೆಯಿಂದ ಅರ್ಜಿ ಹಾಕಿ ತನ್ನ ಡಬ್ಬಿ ಒಪ್ಪಿಸಿದಳು. ಆಯ್ಕೆಯ ಫೈಲನ್ನು ಅಪ್ಪ ಮುಟ್ಟಲೂ ಇಲ್ಲ, ಬೇರೆ ಅಧಿಕಾರಿಗೆ ದಾಟಿಸಿ ಕೈ ತೊಳೆದುಕೊಂಡರು. ಅನುಭವವಿಲ್ಲವೆಂದು ಅವಳ ಅರ್ಜಿ ಬಿದ್ದಿತು. ಹೊಸಬರೆಲ್ಲರದೂ ಹಾಗೇ ಬಿದ್ದು, ಕೊನೆಯ ದಿನಾಂಕ ಮುಂದಕ್ಕೆ ಹೋಗಿ, ಕಡೆಗೆ ಗೆದ್ದದ್ದು ಸರ್ಕಾರಕ್ಕೆ ವರ್ಷಗಟ್ಟಲೆ ಕೂಲರ್ ಮಾರಿದ್ದ ಕಂಪನಿ.

ಯೋಜನೆಯ ಉದ್ಘಾಟನೆಯ ದಿನ ಚಂದ್ರಕಾಂತರಿಗೆ ಶಾಲು ಹೊದಿಸಿ, ಆಯ್ಕೆಯಾದ ಆವಿಷ್ಕಾರವನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಸಂಜೆ ಅದನ್ನು ಮನೆಗೆ ತಂದರು. ಅದೇ ವಾರ ಲಕ್ಷ್ಮೀ ನಗರದ ಕೋಣೆ ಖಾಲಿ ಮಾಡಿದ್ದ ಹರಿಣಿ ಪೆಟ್ಟಿಗೆ ತೆರೆದಳು. ಇ-ರಿಕ್ಷಾ ಬ್ಯಾಟರಿಗೆ ಕಟ್ಟುವ ಡಬ್ಬಿ. ತಿರುಗಿಸಿ ನೋಡಿ ನಕ್ಕಳು. ಆ ನಗು ಕೇಳಿ ಅಡುಗೆಮನೆಯಲ್ಲಿದ್ದ ತಾಯಿ ಸರಳಾ ಓಡಿ ಬಂದರು.

"ಇಲ್ಲಿ ಒಂದು ತೂತಿದೆಯಲ್ಲ ಪಪ್ಪಾ, ಅದಕ್ಕೆ ಕೆಲಸಾನೇ ಇಲ್ಲ. ನಾನು ಡ್ರಿಲ್ ಮಾಡೋವಾಗ ತಪ್ಪಾಗಿ ಕೊರೆದದ್ದು. ಹೊಸ ಡಬ್ಬಿ ಮಾಡೋಕೆ ದುಡ್ಡಿಲ್ಲ ಅಂತ ಹಾಗೇ ಕೊಟ್ಟಿದ್ದೆ. ನನ್ನದನ್ನ ನಕಲು ಮಾಡೋವಾಗ ಅದನ್ನೂ ಬಿಡದೆ ಕೊರೆದಿದ್ದಾರೆ."

ಚಂದ್ರಕಾಂತರ ಬೆರಳು ಆ ತೂತಿನ ಮೇಲೆ ನಿಂತಿತು. ಹೆಗಲಿನ ಶಾಲು ತೆಗೆಯಬೇಕೆಂದರೂ ಕೈ ಏಳಲಿಲ್ಲ.

"ದೂರು ಕೊಡೋಣಮ್ಮ," ಎಂದರು ಸಣ್ಣ ದನಿಯಲ್ಲಿ.

"ಷರತ್ತಿನ ಮೇಲಿನ ದೂರು ಯಾರ ಮೇಜಿಗೆ ಬರುತ್ತೆ?"

ಅವರ ಮೇಜಿಗೇ ಬರುತ್ತದೆ. ಬಂದರೆ ತಾವು ಬರೆಯುವ ಮೊದಲ ಸಾಲು ಯಾವುದೆಂಬುದೂ ಅವರಿಗೆ ಗೊತ್ತಿತ್ತು.